ಪುಸ್ತಕದ ಅಳಿಲು, ತೆಂಗಿನಮರದ ಅಳಿಲು

ಪ್ರಶ್ನೆ: ಮಗಳಿಗೆ ಎರಡು ವರ್ಷ ಎರಡು ತಿಂಗಳು. ನನ್ನ ಅತ್ತಿಗೆ ವಿದೇಶದಿಂದ ನಾಲ್ಕು ಚಿತ್ರಪುಸ್ತಕ ಕಳಿಸಿದ್ದಾರೆ. ಎಲ್ಲವೂ ಕಾಡು, ತೋಟ ಸುತ್ತಲು ಹೋಗುವ ಮಕ್ಕಳ ಕಥೆ. ಓದಲು ಕೂತರೆ ಎರಡು ಪುಟ ಕೇಳಿ ಓಡುತ್ತಾಳೆ, ಇಲ್ಲಾಂದ್ರೆ ಪುಸ್ತಕದ ಮೂಲೆ ಕಚ್ಚುತ್ತಾಳೆ. ಹಿಮ, ಕೆಂಪು ಅಳಿಲು ನಮ್ಮಲ್ಲಿ ಎಲ್ಲಿದೆ? ಇದರಿಂದ ಪ್ರಯೋಜನ ಉಂಟಾ?
– ಹೆಸರು ಬೇಡ, ಕದ್ರಿ, ಮಂಗಳೂರು

ಉಂಟು. ಆದರೆ ಕ್ರಮ ಸ್ವಲ್ಪ ತಿರುಗಿಸಿ ನೋಡಿ. ಮೊದಲು ಹೊರಗೆ ಕರೆದುಕೊಂಡು ಹೋಗಿ, ಬಂದು ಕೈಕಾಲು ತೊಳೆದ ಮೇಲೆ ಪುಸ್ತಕ ತೆಗೆಯಿರಿ. ಅದಕ್ಕೆ ಪಿಲಿಕುಳ ನಿಸರ್ಗಧಾಮದವರೆಗೆ ಹೋಗಬೇಕಂತಿಲ್ಲ, ಕದ್ರಿ ಪಾರ್ಕ್ ಪಕ್ಕದಲ್ಲೇ ಇದೆ, ಅದೂ ಆಗದಿದ್ದರೆ ಫ್ಲ್ಯಾಟಿನ ಕಾಂಪೌಂಡ್ ಗೋಡೆ ಸಾಕು. ಮಳೆಗಾಲದಲ್ಲಿ ನಮ್ಮೂರಿನ ಕಾಂಪೌಂಡ್ ಗೋಡೆಯಲ್ಲಿ ಇಲ್ಲದ್ದು ಏನುಂಟು ಹೇಳಿ! ಪಾಚಿ, ಬಸವನಹುಳು, ಸಾಲು ಇರುವೆ.

ನನ್ನ ಮೊಮ್ಮಗನ ಕಥೆ ಹೇಳುತ್ತೇನೆ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ವಾರ ಅಂಗಳದಲ್ಲಿ ಚೋರಟೆ, ಅಂದರೆ ಸಾವಿರ ಕಾಲಿನ ಹುಳು, ಕಂಡಿತು. ಕಡ್ಡಿಯಲ್ಲಿ ಮೆಲ್ಲಗೆ ಮುಟ್ಟಿಸಿದೆ, ಅದು ಚಕ್ಕುಲಿಯ ಹಾಗೆ ಸುರುಳಿ ಸುತ್ತಿ ಬಿದ್ದುಕೊಂಡಿತು. ಹುಡುಗ ಕುಕ್ಕರುಗಾಲಲ್ಲಿ ಕೂತವನು ಏಳಲೇ ಇಲ್ಲ. ಎಷ್ಟೋ ಹೊತ್ತಿನ ಮೇಲೆ ಅದು ಒಂದೊಂದೇ ಸುತ್ತು ಬಿಡಿಸಿ ಹೊರಟಾಗ ‘ಹೋಯ್ತು’ ಅಂದ. ಆ ರಾತ್ರಿ ಪುಸ್ತಕದಲ್ಲಿ ಬಸವನಹುಳುವಿನ ಚಿಪ್ಪು ಬಂತು, ಅದೂ ಅವನಿಗೆ ಚೋರಟೆಯೇ. ಇದಕ್ಕೂ ಮೊದಲು ಅದೇ ಪುಟವನ್ನು ಹತ್ತು ಸಲವಾದರೂ ದಾಟಿ ಹೋಗಿದ್ದ, ಒಂದು ಸಲವೂ ತಿರುಗಿ ನೋಡಿರಲಿಲ್ಲ. ನಾನು ತಿದ್ದಲಿಲ್ಲ, ‘ಹೌದಲ್ವಾ, ಚೋರಟೆ ಹಾಗೇ ಸುತ್ತಿದೆ’ ಅಂದೆ ಅಷ್ಟೆ.

ಅಳಿಲಿನ ವಿಷಯಕ್ಕೆ ಬರೋಣ. ಅಲ್ಲಿಯದು ಕೆಂಪು, ಬೆನ್ನು ನುಣ್ಣಗೆ. ನಮ್ಮ ತೆಂಗಿನಮರದ್ದಕ್ಕೆ ಬೆನ್ನಿನ ಮೇಲೆ ಮೂರು ಗೆರೆ. ‘ಇದರ ಗೆರೆ ಎಲ್ಲಿ ಹೋಯ್ತು?’ ಅಂತ ಕೇಳಿ, ಒಂದು ಪುಟಕ್ಕೆ ಅಷ್ಟು ಸಾಕು. ಹಿಮದ ಪುಟ ಬಂದರೆ ಅಂಗೈ ಮೇಲೆ ಒಂದು ಐಸ್ ತುಂಡು ಇಡಿ, ಅಚ್ಚಾದ ವಾಕ್ಯ ಓದದೆ ಬಿಟ್ಟರೆ ಯಾರೂ ಕೇಸು ಹಾಕುವುದಿಲ್ಲ.

ಹೀಗೆ ಕೇಳುತ್ತಾ ಓದುವುದರ ಬಗ್ಗೆ 1988ರಲ್ಲೇ ಅಮೆರಿಕದಲ್ಲಿ ವೈಟ್‌ಹರ್ಸ್ಟ್ ಎಂಬ ಮನಶ್ಶಾಸ್ತ್ರಜ್ಞರ ತಂಡ ಪರೀಕ್ಷೆ ಮಾಡಿತ್ತು. 21ರಿಂದ 35 ತಿಂಗಳ ಮಕ್ಕಳು, ಹೆಚ್ಚುಕಡಿಮೆ ನಿಮ್ಮ ಮಗಳ ವಯಸ್ಸು. ಒಂದು ಗುಂಪಿನ ಅಪ್ಪ ಅಮ್ಮ ಮಾಮೂಲಿನ ಹಾಗೆ ಓದಿದರು. ಇನ್ನೊಂದು ಗುಂಪಿನವರು ಓದು ಕಡಿಮೆ ಮಾಡಿ ‘ಇದೇನು ಮಾಡ್ತಿದೆ?’ ಅಂತ ಕೇಳಿದರು, ಮಗು ಹೇಳಿದ ಒಂದು ಮಾತಿಗೆ ತಾವೊಂದು ಸೇರಿಸಿದರು. ನಾಲ್ಕೇ ವಾರದಲ್ಲಿ ಈ ಮಕ್ಕಳ ಮಾತು ಮುಂದೆ ಹೋಗಿತ್ತು.

ಕಚ್ಚುವುದಕ್ಕೆ ತಲೆಬಿಸಿ ಬೇಡ. ದಪ್ಪ ರಟ್ಟಿನ ಪುಸ್ತಕ ಕೊಡಿ, ತೆಳು ಹಾಳೆಯದ್ದು ನಿಮ್ಮ ಕೈಯಲ್ಲಿರಲಿ. ಎರಡು ಪುಟಕ್ಕೇ ಓಡಿದರೆ ಓಡಲಿ. ಊರಿನ ಗಿಡ, ಹಕ್ಕಿ ಇರುವ ಪುಸ್ತಕವೂ ಒಂದೆರಡು ಇರಲಿ. ಪ್ರಥಮ್ ಬುಕ್ಸ್‌ನವರ ಕನ್ನಡ ಪುಸ್ತಕಗಳು ಕೈಗೆಟುಕುವ ಬೆಲೆಗೆ ಸಿಗುತ್ತವೆ, ಅವರ ಸ್ಟೋರಿವೀವರ್ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆಯೂ ಇವೆ. ಆದರೆ ಎರಡರ ಮಗುವಿಗೆ ಮೊಬೈಲಲ್ಲಿ ತೋರಿಸುವ ಬದಲು ಪ್ರಿಂಟ್ ತೆಗೆದು ಕೊಡುವುದು ಒಳ್ಳೆಯದು.

ಪ್ರಶ್ನೆ: ನಾನು ಮೊಮ್ಮಗಳಿಗೆ ಕನ್ನಡ ಪುಸ್ತಕದ ಚಿತ್ರ ತೋರಿಸಿ ತುಳುವಿನಲ್ಲಿ ಹೇಳುತ್ತೇನೆ. ಪುಸ್ತಕದಲ್ಲಿ ಇರುವುದನ್ನೇ ಓದಿ, ಮಗುವಿಗೆ ಗೊಂದಲ ಆಗುತ್ತದೆ ಅನ್ನುತ್ತಾಳೆ ಸೊಸೆ. ಯಾರದ್ದು ಸರಿ?
– ಒಬ್ಬ ಅಜ್ಜ, ಉಡುಪಿ

ಅಜ್ಜನದ್ದೇ. ಇರುವೆ ಕಂಡಾಗ ‘ಪಿಜಿನ್’ ಅನ್ನುವವರ ಮನೆಯಲ್ಲಿ ಪುಸ್ತಕದ ಇರುವೆಯೂ ಪಿಜಿನ್ ಆಗಲಿ. ಮಲ್ಪೆ ಕಡಲ ಬದಿಯಲ್ಲಿ ಅವಳು ಬೆನ್ನಟ್ಟಿದ ಡೆಂಜಿಗೆ ಪುಸ್ತಕದಲ್ಲಿ ಏಡಿ ಅನ್ನುತ್ತಾರೆ ಅಂತ ಅಮ್ಮ ಹೇಳಿಕೊಡಲಿ. ಎರಡೂ ಅವಳಿಗೆ ದಕ್ಕುತ್ತವೆ. ಎರಡು ಭಾಷೆ ಕೇಳಿ ಬೆಳೆದರೆ ಮಗುವಿಗೆ ತೊಂದರೆ ಇಲ್ಲ. ಮಂಗಳೂರು, ಉಡುಪಿ ಕಡೆ ಮೂರು ನಾಲ್ಕು ಭಾಷೆಯ ನಡುವೆಯೇ ನಾವೆಲ್ಲ ದೊಡ್ಡವರಾದದ್ದು ಅಲ್ವಾ? ಸೊಸೆಯ ಜೊತೆ ಜಗಳ ಮಾತ್ರ ಬೇಡ, ರಾತ್ರಿಯ ಓದು ಅವಳಿಗೆ ಬಿಡಿ.

ಪ್ರಶ್ನೆ: ಪುಸ್ತಕದಲ್ಲಿ ಎಲೆ, ಬೀಜ ಸೇರಿಸಿ ಡಬ್ಬಿಯಲ್ಲಿಡುವ ಹುಡುಗ ಇದ್ದಾನೆ. ನಮ್ಮವನೂ ಹಾಗೇ ಮಾಡಬೇಕಂತ ಹಠ. ಬಿಡಬಹುದಾ?
– ಸುರತ್ಕಲ್ ಓದುಗರು

ಎಲೆಗೆ ಬಿಡಿ. ಸಾಗುವಾನಿಯ ಚಿಗುರೆಲೆ ಸಿಕ್ಕಿದರೆ ಅವನ ಅಂಗೈಯಲ್ಲಿ ಉಜ್ಜಿ ತೋರಿಸಿ, ಮದರಂಗಿಯ ಹಾಗೆ ಕೆಂಪಾಗುತ್ತದೆ. ಅದೇ ಕೈಯನ್ನು ಹಾಳೆಗೆ ಒತ್ತಿಸಿದರೆ ಅವನದ್ದೇ ಪುಸ್ತಕದ ಮೊದಲ ಪುಟ. ಬೀಜದಲ್ಲಿ ಮಾತ್ರ ಜಾಗ್ರತೆ. ಗುಲಗಂಜಿ ನೋಡಲು ಚಂದ, ಆದರೆ ಜಗಿದರೆ ವಿಷ. ಕಾಸರಕನ ಕಿತ್ತಳೆ ಬಣ್ಣದ ಹಣ್ಣಿನ ಬೀಜ, ಬೇಲಿಯ ಕಣಗಿಲೆಯೂ ಹಾಗೇ. ವಿಷ ಇಲ್ಲದ ಸಣ್ಣ ಬೀಜವೂ ಗಂಟಲಲ್ಲಿ ಸಿಕ್ಕಿಕೊಳ್ಳಬಹುದು. ಮೂರು ವರ್ಷ ದಾಟುವವರೆಗೆ ಡಬ್ಬಿಗೆ ಎಲೆ, ಗರಿ, ಒಣಗಿದ ತೊಗಟೆ ಮಾತ್ರ. ರಾತ್ರಿ ಅವನು ಮಲಗಿದ ಮೇಲೆ ಒಮ್ಮೆ ಮುಚ್ಚಳ ತೆಗೆದು ನೋಡಿ, ನಮ್ಮಲ್ಲಿ ಒಮ್ಮೆ ಜೀವಂತ ಬಸವನಹುಳು ಇತ್ತು.