ಬಾಯಿ ಆಡಿಸಬೇಡಿ, ಹಾಡಿ

ಓದುಗರ ಪತ್ರ:

ಮಾನ್ಯ ಸಂಪಾದಕರೇ, ಶಿಕಾಗೋದಲ್ಲಿ ಪ್ರತಿ ಡಿಸೆಂಬರಿನಲ್ಲಿ ಹದಿನೆಂಟನೆಯ ಶತಮಾನದ ಸಂಗೀತ ರಚನಕಾರ ಹ್ಯಾಂಡೆಲ್ ಯೇಸುವಿನ ಕುರಿತು ರಚಿಸಿದ ‘ಮೆಸ್ಸಾಯ’ ಎಂಬ ಗಾನಕೃತಿಯನ್ನು ಸಭಿಕರೇ ಎದ್ದು ನಿಂತು ಹಾಡುವ ಕ್ರಿಸ್‌ಮಸ್ ಕಾರ್ಯಕ್ರಮ ನಡೆಯುತ್ತದೆ. ವೇದಿಕೆಯ ಮೇಲೆ ವಾದ್ಯವೃಂದ, ನಿರ್ದೇಶಕರು ಮತ್ತು ನಾಲ್ವರು ಏಕಗಾಯಕರು ಮಾತ್ರ. ಕೋರಸ್, ಅಂದರೆ ಸಮೂಹಗಾನ, ನಮ್ಮದೇ. ಈ ಬಾರಿ ನೆರೆಮನೆಯವರ ಒತ್ತಾಯಕ್ಕೆ ಹೋಗಿ ಆಲ್ಟೊಗಳ, ಅಂದರೆ ತಗ್ಗು ದನಿಯ ಹೆಂಗಸರ, ಸಾಲಿನಲ್ಲಿ ಕುಳಿತೆ. ಮೊದಲ ಕೋರಸ್‌ನ ಎರಡನೆಯ ಪುಟದಲ್ಲೇ ದಾರಿ ತಪ್ಪಿತು. ಆಮೇಲೆ ಕೊನೆಯವರೆಗೂ ಸುಮ್ಮನೆ ಬಾಯಿ ಆಡಿಸಿದೆ. ಸಂಗೀತ ಕಲಿತ ನನ್ನ ಗೆಳತಿ, ‘ಅದು ಸಂಗೀತವಲ್ಲ, ಸಂತೆ. ಒಂದು ಮಹಾಕೃತಿಗೆ ಮಾಡುವ ಅವಮಾನ’ ಎನ್ನುತ್ತಾಳೆ. ಹಾಡಲು ಬಾರದವರು ಕೇಳುಗರಾಗಿಯೇ ಉಳಿಯುವುದು ಮರ್ಯಾದೆಯಲ್ಲವೇ? ಮೇಲಾಗಿ ನಾನು ಕ್ರೈಸ್ತಳೂ ಅಲ್ಲ.
— ಓದುಗರೊಬ್ಬರು, ಶಿಕಾಗೋ

ಸಂಪಾದಕರ ಉತ್ತರ:

ನಿಮ್ಮ ಪತ್ರದಲ್ಲಿ ನನ್ನನ್ನು ಚುಚ್ಚಿದ್ದು ಒಂದೇ ಸಾಲು: ‘ಸುಮ್ಮನೆ ಬಾಯಿ ಆಡಿಸಿದೆ.’ ದಾರಿ ತಪ್ಪಿದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆ ಕೃತಿಯಲ್ಲಿ ದಾರಿ ತಪ್ಪದವರು ಯಾರಿದ್ದಾರೆ? ಆದರೆ ತಪ್ಪಿದ ಮೇಲೆ ಮುಂದಿನ ಪುಟದಲ್ಲಿ ಮತ್ತೆ ಸೇರಿಕೊಳ್ಳಬಹುದಿತ್ತು. ನೀವು ಸೇರಲಿಲ್ಲ. ಸಾವಿರ ಜನರ ನಡುವೆ ನಿಂತು, ನಿಮ್ಮ ದನಿಯೊಂದನ್ನು ಮಾತ್ರ ಮನೆಯಲ್ಲೇ ಬಿಟ್ಟು ಬಂದವರಂತೆ ಎರಡು ಗಂಟೆ ಕಳೆದಿರಿ.

ಆ ಎರಡು ಗಂಟೆ ಹೇಗಿರುತ್ತದೆಂದು ನನಗೆ ಗೊತ್ತು. ಒಂಬತ್ತನೆಯ ವಯಸ್ಸಿನಲ್ಲಿ ಶಾಲೆಯ ಸಮೂಹಗಾನದ ಸಾಲಿನಲ್ಲಿ ನಿಂತಿದ್ದಾಗ ಗುರುಗಳೊಬ್ಬರು ಹತ್ತಿರ ಬಂದು, ಬಗ್ಗಿ, ಕಿವಿಯಲ್ಲಿ ಹೇಳಿದರು: ‘ನೀನು ಹಾಡಬೇಡ. ಬಾಯಿ ಮಾತ್ರ ಆಡಿಸು.’ ಅವರು ಗದರಿಸಲಿಲ್ಲ, ಮೆಲ್ಲಗೆ, ಅಕ್ಕರೆಯಿಂದಲೇ ಹೇಳಿದರು. ಅದಕ್ಕೇ ಅದು ಅಷ್ಟು ಆಳಕ್ಕೆ ಇಳಿಯಿತು. ಮೂವತ್ತು ವರ್ಷ ನಾನು ಯಾರೆದುರೂ ಬಾಯಿಬಿಟ್ಟು ಹಾಡಲಿಲ್ಲ. ಇಂಥದೇ ಮಾತು ಕೇಳಿಸಿಕೊಂಡವರನ್ನು ಆಮೇಲೆ ಎಷ್ಟೋ ಕಡೆ ಕಂಡಿದ್ದೇನೆ. ಎಲ್ಲರಿಗೂ ಆ ವಾಕ್ಯ ಅಕ್ಷರಶಃ ನೆನಪಿದೆ, ಹೇಳಿದವರ ಮುಖವೂ ನೆನಪಿದೆ. ನಿಜಕ್ಕೂ ಸ್ವರಭೇದವೇ ಕಿವಿಗೆ ತಿಳಿಯದವರು ನೂರಕ್ಕೆ ಒಬ್ಬಿಬ್ಬರು, ಹೆಚ್ಚೆಂದರೆ ನಾಲ್ವರು. ಉಳಿದವರೆಲ್ಲ ಅಭ್ಯಾಸ ತಪ್ಪಿದವರು, ಅಷ್ಟೇ. ‘ಹಾಡುತ್ತಾ ಹಾಡುತ್ತಾ ರಾಗ’ ಎಂದು ನಮ್ಮ ಗಾದೆ ಸುಮ್ಮನೆ ಹೇಳಿಲ್ಲ.

ನಿಮ್ಮ ಗೆಳತಿಯ ಮಾತಿನಲ್ಲಿ ಹುರುಳಿಲ್ಲವೆಂದು ಹೇಳಲಾರೆ. ನಾಟಕಕಾರ, ಸಂಗೀತ ವಿಮರ್ಶಕ ಬರ್ನಾರ್ಡ್ ಷಾ ಕೂಡ ಅದನ್ನೇ ಹೇಳಿದ್ದ. ಅವನ ಕಾಲದ ಇಂಗ್ಲೆಂಡಿನಲ್ಲಿ ಹ್ಯಾಂಡೆಲ್ ಉತ್ಸವಗಳೆಂದರೆ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಎಂಬ ಭಾರಿ ಗಾಜಿನ ಮಂದಿರದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಗಾಯಕರ ಗರ್ಜನೆ. ಸಾಯುವ ಮುಂಚೆ ಒಮ್ಮೆಯಾದರೂ ಇಪ್ಪತ್ತು ಜನ ಸಮರ್ಥ ಗಾಯಕರಿಂದ, ಚೆನ್ನಾಗಿ ಅಭ್ಯಾಸ ಮಾಡಿದ ‘ಮೆಸ್ಸಾಯ’ ಕೇಳಬೇಕು ಎಂದು ಅವನು ಹಂಬಲಿಸಿದ. ಅದು ನ್ಯಾಯವಾದ ಹಂಬಲ. ಇಂದು ಅಂಥ ಧ್ವನಿಮುದ್ರಣಗಳು ಬೇಕಾದಷ್ಟಿವೆ, ನಾನೂ ಕೇಳಿ ಸುಖಪಟ್ಟಿದ್ದೇನೆ. ನಿಮ್ಮ ಗೆಳತಿಯೂ ಕೇಳಲಿ. ಆದರೆ ‘ಅವಮಾನ’ ಎಂಬ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ, ಏಕೆಂದರೆ ಆ ಕೃತಿಯ ಚರಿತ್ರೆಯೇ ಅದನ್ನು ಒಪ್ಪುವುದಿಲ್ಲ.

1741ರಲ್ಲಿ ಹ್ಯಾಂಡೆಲ್ ಇಪ್ಪತ್ನಾಲ್ಕು ದಿನಗಳಲ್ಲಿ ‘ಮೆಸ್ಸಾಯ’ ಬರೆದು ಮುಗಿಸಿದ ಸಂಗತಿ ಎಲ್ಲರಿಗೂ ಗೊತ್ತು. ಅದರ ಬೆನ್ನಿಗೇ ನಡೆದ ಇನ್ನೊಂದು ಸಂಗತಿ ಅಷ್ಟಾಗಿ ಗೊತ್ತಿಲ್ಲ. ಐರ್ಲೆಂಡಿನ ಡಬ್ಲಿನ್‌ಗೆ ಹೊರಟ ಹ್ಯಾಂಡೆಲ್, ಹಡಗಿಗೆ ಗಾಳಿ ಅನುಕೂಲವಾಗದೆ ಇಂಗ್ಲೆಂಡಿನ ಚೆಸ್ಟರ್ ಪಟ್ಟಣದಲ್ಲಿ ಕೆಲವು ದಿನ ತಂಗಬೇಕಾಯಿತು. ಸಮಯ ವ್ಯರ್ಥ ಮಾಡುವ ಜಾಯಮಾನ ಅವನದಲ್ಲ. ಹೊಸ ಕೋರಸ್‌ಗಳನ್ನು ಹಾಡಿಸಿ ನೋಡಲು ಊರಿನಲ್ಲಿ ಸ್ವರಲಿಪಿ ನೋಡಿದ ಕೂಡಲೇ ಹಾಡಬಲ್ಲವರು ಯಾರಿದ್ದಾರೆ ಎಂದು ವಿಚಾರಿಸಿದ. ಬಂದವರಲ್ಲಿ ಒಬ್ಬ ಮುದ್ರಣದ ಕೆಲಸದವನು, ಮಂದ್ರ ದನಿಯವನು. ತಂಗಿದ್ದ ಛತ್ರದಲ್ಲೇ ತಾಲೀಮು ನಡೆಯಿತು. ಆ ಮನುಷ್ಯ ಮತ್ತೆ ಮತ್ತೆ ಎಡವಿದ. ಹ್ಯಾಂಡೆಲ್‌ನ ಸಿಟ್ಟು ನೆತ್ತಿಗೇರಿತು, ಹರಕು ಇಂಗ್ಲಿಷಿನಲ್ಲಿ ಕೂಗಾಡಿದ: ನೋಡಿದ ಕೂಡಲೇ ಹಾಡುತ್ತೇನೆಂದು ಹೇಳಿರಲಿಲ್ಲವೇ? ಅವನ ಉತ್ತರ: ‘ಹೌದು ಸ್ವಾಮಿ, ಹಾಡುತ್ತೇನೆ. ಆದರೆ ಮೊದಲ ನೋಟಕ್ಕಲ್ಲ.’ ಆಗ ಅದೇ ಊರಿನಲ್ಲಿ ಶಾಲಾ ಬಾಲಕನಾಗಿದ್ದ ಚಾರ್ಲ್ಸ್ ಬರ್ನಿ, ಮುಂದೆ ದೊಡ್ಡ ಸಂಗೀತ ಇತಿಹಾಸಕಾರನಾಗಿ, ಇದನ್ನು ಬರೆದಿಟ್ಟ. ನೋಡಿದಿರಾ, ‘ಮೆಸ್ಸಾಯ’ದ ಕೋರಸ್ ತಪ್ಪಿದವರಲ್ಲಿ ನೀವು ಮೊದಲಿಗರಲ್ಲ. ಸ್ವತಃ ಅದನ್ನು ಬರೆದವನ ಎದುರೇ, ಮಸಿ ಆರುವ ಮೊದಲೇ ಒಬ್ಬ ತಪ್ಪಿದ್ದಾನೆ. ಅವನು ಬಾಯಿ ಆಡಿಸಲಿಲ್ಲ. ಗಟ್ಟಿಯಾಗಿ ತಪ್ಪಿದ, ಅದಕ್ಕೇ ಚರಿತ್ರೆಯಲ್ಲಿ ಉಳಿದ.

ಮುಂದೆ ಡಬ್ಲಿನ್. 1742ರ ಏಪ್ರಿಲ್ 13. ಫಿಶಾಂಬಲ್ ಬೀದಿಯ ಸಂಗೀತ ಮಂದಿರ. ಹೆಚ್ಚು ಜನ ಹಿಡಿಸಲೆಂದು ಹೆಂಗಸರು ಲಂಗದ ಬಳೆಗಟ್ಟು ಬಿಟ್ಟು, ಗಂಡಸರು ಕತ್ತಿ ಬಿಟ್ಟು ಬರಬೇಕೆಂದು ಪತ್ರಿಕೆಯಲ್ಲಿ ವಿನಂತಿ ಬಂದಿತ್ತು. ಸುಮಾರು ಏಳುನೂರು ಜನ ಸೇರಿದರು. ಅಂದು ಕೇಳುಗರ ಎದೆ ಕರಗಿಸಿದವಳು ಯಾರು? ದೊಡ್ಡ ಗಾಯಕಿಯಲ್ಲ. ರಂಗನಟಿ ಸುಸಾನಾ ಸಿಬ್ಬರ್. ಅವಳ ದನಿ ಬರಿಯ ಎಳೆಯಷ್ಟು, ಸಂಗೀತಜ್ಞಾನ ಅಷ್ಟಕ್ಕಷ್ಟೇ ಎಂದು ಬರೆದವನೂ ಅದೇ ಬರ್ನಿ. ಸಂಸಾರದ ರಂಪ ನ್ಯಾಯಾಲಯದ ಕಟ್ಟೆ ಹತ್ತಿ, ಲಂಡನ್ನಿನಲ್ಲಿ ತಲೆ ಎತ್ತದಂತಾಗಿ ಬಂದಿದ್ದ ಹೆಣ್ಣು ಅವಳು. ‘ಅವನು ತಿರಸ್ಕೃತನಾದನು’ ಎಂಬ ಗೀತೆಯನ್ನು ಅವಳು ಹಾಡಿದಾಗ ಸಭೆಯಲ್ಲಿದ್ದ ಪಾದ್ರಿಯೊಬ್ಬರು ಎದ್ದು, ಇದೊಂದಕ್ಕೇ ನಿನ್ನ ಪಾಪಗಳೆಲ್ಲ ಕ್ಷಮಿಸಲ್ಪಡಲಿ ಎಂದು ಉದ್ಗರಿಸಿದರೆಂದು ಹೇಳುತ್ತಾರೆ. ಪರಿಣತರ ದನಿಗಳು ಬೇಕಾಗಿದ್ದರೆ ಹ್ಯಾಂಡೆಲ್‌ಗೆ ಸಿಗದೆ ಇರುತ್ತಿರಲಿಲ್ಲ. ಅವನು ಆ ಎಳೆಯಂಥ ದನಿಯನ್ನು ಆರಿಸಿಕೊಂಡ.

ನಿಮ್ಮ ‘ಕ್ರೈಸ್ತಳೂ ಅಲ್ಲ’ ಎಂಬ ಅಳುಕಿಗೆ ಇಲ್ಲೇ ಎರಡು ಮಾತು ಹೇಳಿಬಿಡುತ್ತೇನೆ. ಡಬ್ಲಿನ್ನಿನ ಆ ದಿನದ ಹಣ ಎರಡು ಆಸ್ಪತ್ರೆಗಳಿಗೂ ಸಾಲಗಾರ ಕೈದಿಗಳಿಗೂ ಹೋಯಿತು. 142 ಜನ ಸೆರೆಮನೆಯಿಂದ ಹೊರಬಂದರು. 1750ರಿಂದ ಲಂಡನ್ನಿನ ಅನಾಥ ಶಿಶುಗಳ ಆಶ್ರಯಕ್ಕಾಗಿ ವರ್ಷವರ್ಷವೂ ಇದನ್ನೇ ಹಾಡಿಸಿದರು. ಹಾಡುವುದು ಪ್ರಮಾಣವಚನ ಸ್ವೀಕರಿಸಿದಂತಲ್ಲ. ಆದರೆ ಅವು ಬೇರೊಬ್ಬರು ಪ್ರಾಣಕ್ಕಿಂತ ಹೆಚ್ಚಾಗಿ ನಂಬಿದ ಮಾತುಗಳು. ಹಿಂದಿನ ರಾತ್ರಿ ಕುಳಿತು ಅರ್ಥ ತಿಳಿದುಕೊಂಡು ಹೋಗಿ. ಅಷ್ಟು ಸಾಕು, ಅಷ್ಟು ಬೇಕು ಕೂಡ.

ಈ ಕೃತಿ ಶ್ರೀಮಂತರ ಮಂದಿರದಲ್ಲೇ ಉಳಿದಿದ್ದರೆ ಇಂದು ನೀವು ಅದನ್ನು ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಅದನ್ನು ಬೀದಿಗೆ ತಂದವರು ದುಡಿಯುವ ಜನ. ಉತ್ತರ ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಉಣ್ಣೆ ಗಿರಣಿಗಳ ಪಟ್ಟಣ. 1836ರಲ್ಲಿ ಅಲ್ಲಿ ಕಟ್ಟಿದ ಗಾಯನ ಸಂಘ ಇಂದಿಗೂ ಕ್ರಿಸ್‌ಮಸ್ ಬಂದರೆ ‘ಮೆಸ್ಸಾಯ’ ಹಾಡುತ್ತದೆ. 1840ರ ದಶಕದಲ್ಲಿ ನೊವೆಲ್ಲೊ ಪ್ರಕಾಶನ ಅಗ್ಗದ ಪ್ರತಿಗಳನ್ನು ಅಚ್ಚು ಹಾಕಿತು. ಅದೇ ಕಾಲದಲ್ಲಿ ಜಾನ್ ಕರ್ವೆನ್ ಎಂಬ ಪಾದ್ರಿ, ಸಾರಾ ಗ್ಲೋವರ್ ಎಂಬ ಶಿಕ್ಷಕಿ ರೂಪಿಸಿದ್ದ ಕ್ರಮವನ್ನು ತಿದ್ದಿ, ‘ಡೊ ರೆ ಮಿ’ ಅಕ್ಷರಗಳಲ್ಲೇ ಸ್ವರ ಬರೆಯುವ ಪದ್ಧತಿಯನ್ನು ಊರೂರಿಗೆ ಹರಡಿದ. ನಮ್ಮ ಸರಿಗಮದ ಹಾಗೆಯೇ. ಐದು ಗೆರೆಗಳ ಲಿಪಿ ಓದಲಾರದ ಗಿರಣಿ ಕೆಲಸಗಾರ ಆ ಅಕ್ಷರಗಳನ್ನು ಹಿಡಿದು ಹ್ಯಾಂಡೆಲ್‌ನನ್ನು ಹಾಡಿದ. ಹಗಲೆಲ್ಲ ಮಗ್ಗದ ಸದ್ದು ಕೇಳಿದ ಕಿವಿಗೆ ಸಂಜೆ ಕೋರಸ್ ಕೇಳಿಸಿದಾಗ ಏನನ್ನಿಸಿರಬಹುದು? ಷಾ ಬೇಸರಪಟ್ಟ ಆ ಗರ್ಜನೆಯೊಳಗೆ ಇಂಥವರ ದನಿಗಳೂ ಇದ್ದವು. ನಿಮ್ಮ ಗೆಳತಿ ‘ಸಂತೆ’ ಎಂದರಲ್ಲ, ಆ ಸಂತೆಯೇ ಈ ಕೃತಿಯನ್ನು ಕಾಪಾಡಿದ್ದು.

ನೀವು ಹೋದ ಬಗೆಯ ಕಾರ್ಯಕ್ರಮ ಲಂಡನ್ನಿನಲ್ಲಿ 1974ರಲ್ಲಿ ಆರಂಭವಾಯಿತು, ನಿಮ್ಮ ಶಿಕಾಗೋದಲ್ಲಿ 1976ರಲ್ಲಿ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ನಾನೂ ಒಮ್ಮೆ ನಿಂತಿದ್ದೇನೆ. ಸ್ನೇಹಿತನೊಬ್ಬ ಕರೆದೊಯ್ದ, ಬೇಸ್‌ಗಳ, ಅಂದರೆ ಮಂದ್ರ ದನಿಯ ಗಂಡಸರ, ಸಾಲಿನಲ್ಲಿ ಬಿಟ್ಟು ತಾನು ಎತ್ತರದ ದನಿಯ ಟೆನರ್‌ಗಳ ಕಡೆ ಹೋದ. ಕೈಯಲ್ಲಿದ್ದದ್ದು ಎರವಲು ಪುಸ್ತಕ. ಅಂಚುಗಳು ಮೆತ್ತಗಾಗಿ ಬಟ್ಟೆಯಂತಾಗಿದ್ದವು. ಯಾರೋ ಹಿಂದಿನವರು ಪೆನ್ಸಿಲಿನಲ್ಲಿ ಉಸಿರು ತೆಗೆದುಕೊಳ್ಳುವ ಕಡೆಯಲ್ಲೆಲ್ಲ ಸಣ್ಣ ಗೀಟು ಹಾಕಿದ್ದರು. ಒಂದು ಪುಟದಲ್ಲಿ ಆ ಗೀಟನ್ನು ಮೂರು ಸಲ ತಿದ್ದಿದ ಗುರುತು. ಅಲ್ಲಿ ಅವರಿಗೆ ಉಸಿರು ಸಾಲದೆ ಹೋಗಿರಬೇಕು. ಪಕ್ಕದಲ್ಲಿದ್ದ ವೃದ್ಧರು ಮಾತಾಡಲಿಲ್ಲ. ನಾನು ದಾರಿ ತಪ್ಪಿದಾಗಲೆಲ್ಲ ಅವರ ತೋರುಬೆರಳು ನನ್ನ ಪುಟದ ಮೇಲೆ ಬಂದು ಸರಿಯಾದ ಜಾಗದಲ್ಲಿ ಕೂರುತ್ತಿತ್ತು, ನಾನು ಸೇರಿಕೊಂಡ ಕೂಡಲೇ ಹಿಂದಕ್ಕೆ ಸರಿಯುತ್ತಿತ್ತು. ‘ನಮಗೊಂದು ಮಗು ಹುಟ್ಟಿದೆ’ ಎಂಬ ಕೋರಸ್‌ನಲ್ಲಿ ದನಿಗಳು ಒಂದನ್ನೊಂದು ಅಟ್ಟಿಕೊಂಡು ಓಡುತ್ತವೆ. ಆ ಉದ್ದನೆಯ ಗಮಕಗಳಲ್ಲಿ ನಾನು ಅರ್ಧಕ್ಕರ್ಧ ಬಿಟ್ಟೆ. ಆದರೆ ‘ವಂಡರ್‌ಫುಲ್’ ಎಂಬ ಪದ ಬಂದಾಗ ನಾಲ್ಕೂ ದನಿಗಳು ಒಂದೇ ಏಟಿಗೆ ಬೀಳುತ್ತವೆ. ಅಲ್ಲಿ ನಾನಿದ್ದೆ. ಮೂವತ್ತು ವರ್ಷದ ಬೀಗ ಆ ಒಂದು ಪದಕ್ಕೆ ತೆರೆಯಿತು. ಗಂಟಲು ಕಟ್ಟಿ ಮುಂದಿನ ಸಾಲು ಹಾಡಲಾಗಲಿಲ್ಲ. ಆ ಬೆರಳು ಮತ್ತೆ ಬಂತು.

‘ಹಲ್ಲೆಲೂಯಾ’ ಎಂಬ ಪ್ರಸಿದ್ಧ ಕೋರಸ್‌ನ ಕೊನೆಯಲ್ಲಿ, ಅಂತಿಮ ಘೋಷಕ್ಕೆ ಮೊದಲು, ಎಲ್ಲರೂ ಒಮ್ಮೆಗೇ ನಿಲ್ಲುವ ಜಾಗವೊಂದಿದೆ. ಸಾವಿರಾರು ಜನ ಉಸಿರು ಹಿಡಿದು ನಿಲ್ಲುವ ಆ ಮೌನದಷ್ಟು ದೊಡ್ಡ ಸದ್ದನ್ನು ನಾನು ಕೇಳಿಲ್ಲ. ಆ ಸಂಜೆ ಎಲ್ಲೋ ಮೇಲಿನ ಗ್ಯಾಲರಿಯಿಂದ ಒಂದು ಎಳೆಯ ದನಿ ಆತುರಪಟ್ಟು ಮೌನದೊಳಕ್ಕೇ ಹಾರಿತು. ಯಾರೂ ತಿರುಗಿ ನೋಡಲಿಲ್ಲ. ಹಿಂದೆಯೇ ಇಡೀ ಸಭೆ ಎದ್ದು ಬಂದು ಆ ದನಿಯನ್ನು ಮುಚ್ಚಿ ಎತ್ತಿಕೊಂಡಿತು. ಕೋರಸ್ ಇರುವುದೇ ಅದಕ್ಕೆ.

ಸ್ವೀಡನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಒಟ್ಟಿಗೆ ಹಾಡುವವರ ಹೃದಯದ ಬಡಿತಗಳು ಒಟ್ಟಿಗೇ ಏರಿ ಒಟ್ಟಿಗೇ ಇಳಿಯುವುದನ್ನು ಅಳೆದು ತೋರಿಸಿದ್ದಾರೆ. ಉಸಿರಾಟ ಒಂದಾಗುವುದರಿಂದ ಹಾಗಾಗುತ್ತದೆ. ಕೇಳುಗರ ಸಾಲಿನಲ್ಲಿ ಕೈಕಟ್ಟಿ ಕುಳಿತರೆ ಈ ಭಾಗ್ಯ ಎಲ್ಲಿ ಬಂತು?

ನನ್ನ ನಿಜವಾದ ಅಳಲು ಇಲ್ಲಿದೆ. ನಾವು ಹಾಡುವುದನ್ನು ಕೆಲವರಿಗೆ ಗುತ್ತಿಗೆ ಕೊಟ್ಟುಬಿಟ್ಟಿದ್ದೇವೆ. ಸಭೆಯಲ್ಲಿ ಪ್ರಾರ್ಥನೆ ಎಂದರೆ ಧ್ವನಿಮುದ್ರಿಕೆ. ನಾಡಗೀತೆಗೂ ಧ್ವನಿಮುದ್ರಿಕೆ, ಎದ್ದು ನಿಂತವರ ತುಟಿ ಮಾತ್ರ ಅಲುಗುತ್ತದೆ. ಪರದೆಯ ಮೇಲೆ ಎಳೆಯ ಮಕ್ಕಳನ್ನು ನಿಲ್ಲಿಸಿ, ಹಾಡಿ ಮುಗಿಸಿದ ಕೂಡಲೇ ಅಂಕ ಕೊಟ್ಟು ಅಳಿಸುವ ಸ್ಪರ್ಧೆಗಳು. ಅದನ್ನು ನೋಡುತ್ತಾ ಬೆಳೆದ ಮಗು, ಹಾಡು ಎಂದರೆ ಗೆಲ್ಲುವ ಅಥವಾ ಸೋಲುವ ವಿಷಯ ಎಂದೇ ತಿಳಿಯುತ್ತದೆ. ಇನ್ನು ಮೊಬೈಲು! ಆ ಸಂಜೆಯೂ ನನ್ನ ಮುಂದಿನ ಸಾಲಿನ ಒಬ್ಬರು ‘ಹಲ್ಲೆಲೂಯಾ’ ಪೂರ್ತಿ ಕೈ ಎತ್ತಿ ಚಿತ್ರೀಕರಿಸಿದರು. ಹಾಡಬೇಕಾದ ನಾಲ್ಕು ನಿಮಿಷವನ್ನು ಮುಂದೆಂದೋ ನೋಡಲೆಂದು ಡಬ್ಬಿಯಲ್ಲಿ ತುಂಬಿಕೊಂಡರು. ಚೆನ್ನಾಗಿ ಹಾಡುವವರು ಸಿಕ್ಕಾಪಟ್ಟೆ ಸುಲಭವಾಗಿ ಕೇಳಸಿಗುವ ಈ ಕಾಲದಲ್ಲಿ, ಸಾಧಾರಣವಾಗಿ ಹಾಡುವವರು ನಾಚಿ ಮೂಕರಾದರು. ಜೋಗುಳ ಹಾಡಬೇಕಾದ ತಾಯಂದಿರೂ ‘ನನ್ನ ದನಿ ಚೆನ್ನಾಗಿಲ್ಲ’ ಎಂದು ಮಗುವಿನ ಪಕ್ಕದಲ್ಲಿ ಯಂತ್ರ ಇಟ್ಟು ಎದ್ದು ಹೋಗುತ್ತಾರೆ. ಮಗುವಿಗೆ ಬೇಕಿದ್ದುದು ಒಳ್ಳೆಯ ದನಿಯಲ್ಲ, ಅಮ್ಮನ ದನಿ. ಇದನ್ನು ಹೇಳಿ ಹೇಳಿ ನನಗೆ ದಣಿವಾಗಿಲ್ಲ, ಇನ್ನೂ ಹೇಳುತ್ತೇನೆ.

ಈಗ ಮುಂದಿನ ಡಿಸೆಂಬರಿನ ಮಾತು. ಮತ್ತೆ ಆಲ್ಟೊಗಳ ಸಾಲಿನಲ್ಲೇ ಕುಳಿತುಕೊಳ್ಳಿ. ನೀವು ಗಮನಿಸಿದಿರೋ ಇಲ್ಲವೋ, ಇಡೀ ‘ಮೆಸ್ಸಾಯ’ದ ಮೊಟ್ಟಮೊದಲ ಕೋರಸನ್ನು ಎತ್ತಿಕೊಡುವವರು ಆಲ್ಟೊಗಳೇ. ಎತ್ತರದ ದನಿಯ ಸೊಪ್ರಾನೊಗಳಲ್ಲ, ಬೇರೆ ಯಾರೂ ಅಲ್ಲ. ಮೊದಲು ಪಿಟೀಲುಗಳು ನೀವು ಹಾಡಬೇಕಾದ ವರಸೆಯನ್ನು ತಾವೇ ನುಡಿಸಿ ತೋರಿಸುತ್ತವೆ. ಮೂರು ಎಣಿಕೆಯ ತಾಳದಲ್ಲಿ ಹತ್ತು ಆವರ್ತ. ಆಮೇಲೆ ಉಳಿದ ಮೂರು ದನಿಗಳೂ ಸುಮ್ಮನಿದ್ದು ನಿಮಗಾಗಿ ಕಾಯುತ್ತವೆ. ನವೆಂಬರಿನಿಂದಲೇ ದಿನಕ್ಕೆ ಹತ್ತು ನಿಮಿಷ ಆ ಒಂದು ಪುಟವನ್ನು ಮಾತ್ರ ಹಾಡಿಕೊಳ್ಳಿ. ಇಡೀ ಪುಸ್ತಕದ ಚಿಂತೆ ಬೇಡ. ನಿಮ್ಮ ಸಾಲಿಗೆ ಪೆನ್ಸಿಲಿನಲ್ಲಿ ಗುರುತು ಹಾಕಿ, ಉಸಿರಿನ ಜಾಗಕ್ಕೆ ಗೀಟು ಎಳೆಯಿರಿ. ಪಕ್ಕದಲ್ಲಿ ಗೊತ್ತಿದ್ದವರಿದ್ದರೆ ಅವರ ಬೆರಳು ಕೇಳಿ ಪಡೆಯಿರಿ. ಗೆಳತಿಯನ್ನೂ ಕರೆಯಿರಿ. ಕಲಿತವರು ಸಾಲಿಗೊಬ್ಬರಿದ್ದರೆ ಉಳಿದವರಿಗೆ ಎಷ್ಟು ಧೈರ್ಯ!

ಜನವರಿಯಲ್ಲಿ ನನಗೆ ಮತ್ತೆ ಬರೆಯಿರಿ. ಎಷ್ಟು ಪುಟ ತಪ್ಪಿತು ಎಂದಲ್ಲ, ಎಷ್ಟು ಪುಟ ಹಾಡಿದಿರಿ ಎಂದು.