ಅಮ್ಮ ತೀರಿಕೊಂಡ ಮೇಲೆ 'ನಿತ್ಯಜೀವವನ್ನು ನಂಬುತ್ತೇನೆ' ಎನ್ನಲು ಬಾಯಿ ಬರುತ್ತಿಲ್ಲ. ಇದು ಪಾಪವೇ?

ಅಮ್ಮ ಹೋಗಿ ಎಂಟು ತಿಂಗಳಾಯಿತು, ಭಾನುವಾರದ ಆರಾಧನೆಯಲ್ಲಿ ಎಲ್ಲರೂ ಒಟ್ಟಾಗಿ ನಂಬಿಕೆಯ ಸಾರವಾದ ವಿಶ್ವಾಸ ಪ್ರಮಾಣ ಹೇಳುವಾಗ 'ಶರೀರದ ಪುನರುತ್ಥಾನ, ನಿತ್ಯಜೀವ' ಅನ್ನುವ ಕೊನೆಯ ಸಾಲಿಗೆ ಬಂದರೆ ಗಂಟಲು ಕಟ್ಟುತ್ತದೆ ಎಂದಿದ್ದೀರಿ. ಸುಳ್ಳು ಹೇಳುವುದಕ್ಕಿಂತ ಸುಮ್ಮನಿರಲೇ ಎಂದು ಕೇಳಿದ್ದೀರಿ.

ಇದು ಪಾಪವಲ್ಲ. ಸಾಲನ್ನೂ ಬಿಡಬೇಡಿ.

ಮತ್ತಾಯ 28:17 ತೆಗೆದು ನೋಡಿ. ಗಲಿಲಾಯದ ಬೆಟ್ಟದ ಮೇಲೆ, ಸತ್ತು ಎದ್ದ ಯೇಸುಸ್ವಾಮಿಯನ್ನು ಕಣ್ಣಾರೆ ಕಂಡು ಅಡ್ಡಬಿದ್ದ ಶಿಷ್ಯರ ನಡುವೆಯೇ ಕೆಲವರು ಸಂದೇಹಪಟ್ಟರು ಎಂದಿದೆ. ಅಲ್ಲಿರುವ ಗ್ರೀಕ್ ಕ್ರಿಯಾಪದ ಇಡೀ ಹೊಸ ಒಡಂಬಡಿಕೆಯಲ್ಲಿ ಇನ್ನೊಂದೇ ಕಡೆ ಬರುತ್ತದೆ: ನೀರಿನ ಮೇಲೆ ನಡೆಯುತ್ತಿದ್ದ ಪೇತ್ರ ಮುಳುಗತೊಡಗಿದಾಗ (14:31). ಪೇತ್ರನನ್ನು ಸ್ವಾಮಿ ಮೊದಲು ಕೈಹಿಡಿದರು, ಆಮೇಲೆ ಗದರಿದರು. ಬೆಟ್ಟದ ಮೇಲಿನವರಿಗಂತೂ ಸಂದೇಹ ತೀರುವವರೆಗೆ ಕಾಯದೆ ಎಲ್ಲಾ ಜನಾಂಗಗಳ ಬಳಿಗೆ ಹೋಗುವ ಕೆಲಸವನ್ನೇ ಒಪ್ಪಿಸಿದರು. 'ಸಂದೇಹಪಡುವವನು ಸಮುದ್ರದ ತೆರೆಯ ಹಾಗೆ' ಎಂಬ ಯಾಕೋಬ 1:6ನ್ನು ಯಾರಾದರೂ ನಿಮ್ಮ ಮುಂದೆ ಹಿಡಿಯಬಹುದು. ಆ ಮಾತು ದೇವರ ಹತ್ತಿರ ಜ್ಞಾನ ಕೇಳುವಾಗ ಮನಸ್ಸನ್ನು ಎರಡು ಕಡೆ ಇಟ್ಟುಕೊಂಡವನ ಬಗ್ಗೆ. ಸಂದೇಹಪಡುವವರನ್ನು ಕರುಣಿಸಿರಿ ಎನ್ನುವ ಯೂದನ ಪತ್ರದ 22ನೆಯ ವಚನವೂ ಅದೇ ಸತ್ಯವೇದದಲ್ಲಿದೆ.

ಈಗ ಆ ಸಾಲಿನ ವಿಷಯ. ನೀವು ಹೇಳುವುದು ಅಪೊಸ್ತಲರ ವಿಶ್ವಾಸ ಪ್ರಮಾಣದ ಸಾಲು; ಅದೇ ನಿರೀಕ್ಷೆ ಇನ್ನೊಂದು ಪ್ರಮಾಣದ ಕೊನೆಯಲ್ಲೂ ಇದೆ. 381ರ ಕಾನ್‌ಸ್ಟಾಂಟಿನೋಪಲ್ ಮಹಾಸಭೆಯೊಂದಿಗೆ (ಬಿಷಪರ ಸಮಾವೇಶ) ಗುರುತಿಸುವ, ನಾವು ನೈಸಿಯ ವಿಶ್ವಾಸ ಪ್ರಮಾಣ ಎಂದು ಕರೆಯುವ ಪಾಠದ ಗ್ರೀಕ್ ಮೂಲದಲ್ಲಿ ಮೂರು ಬೇರೆಬೇರೆ ಕ್ರಿಯಾಪದಗಳಿವೆ. ದೇವರನ್ನು ನಂಬುತ್ತೇವೆ, ಒಂದೇ ದೀಕ್ಷಾಸ್ನಾನವನ್ನು ಒಪ್ಪಿಕೊಳ್ಳುತ್ತೇವೆ, ಸತ್ತವರ ಪುನರುತ್ಥಾನವನ್ನೂ ಬರಲಿರುವ ಲೋಕದ ಜೀವವನ್ನೂ ಎದುರುನೋಡುತ್ತೇವೆ. ಕೊನೆಯದು ಕಾಯುವವರ ಮಾತು. ಒಳಗೆ ಭರವಸೆ ಉಕ್ಕುತ್ತಿರಬೇಕೆಂದಿಲ್ಲ. ಬಾಗಿಲ ಕಡೆ ಮುಖಮಾಡಿ ಕೂತಿದ್ದರೆ ಸಾಕು. ಒಂದಷ್ಟು ತಿಂಗಳು ಆ ಸಾಲನ್ನು ಈ ಅರ್ಥ ಇಟ್ಟುಕೊಂಡೇ ಹೇಳಿ. ಅಲ್ಲಿ ನೀವು ಸಾಕ್ಷಿಕಟ್ಟೆಯಲ್ಲಿ ನಿಂತು ನಿಮ್ಮ ಮನಸ್ಸಿನ ವರದಿ ಕೊಡುತ್ತಿಲ್ಲ. ಸಭೆಯ ದನಿಗೆ ದನಿ ಸೇರಿಸುತ್ತಿದ್ದೀರಿ. ನಿಮ್ಮ ದನಿ ನಿಂತ ಕಡೆ ಪಕ್ಕದವರು ಹೇಳುತ್ತಾರೆ.

ಇಂಥ ಕತ್ತಲೆ ಭಕ್ತಿ ಕಡಿಮೆಯಾದವರಿಗೇ ಬರುವುದೆಂದೂ ಅಂದುಕೊಳ್ಳಬೇಡಿ. ಫ್ರಾನ್ಸಿನ ಲಿಸ್ಯೂ ಮಠದ ಸಂತ ತೆರೇಸಾಗೆ 1896ರ ಈಸ್ಟರ್ ಹೊತ್ತಿಗೆ ಶುರುವಾದ ಸಂದೇಹ ಪರಲೋಕದ ಬಗ್ಗೆಯೇ ಆಗಿತ್ತು. 1897ರ ಸೆಪ್ಟೆಂಬರ್ 30ರಂದು, 24ರ ವಯಸ್ಸಿನಲ್ಲಿ ಕ್ಷಯದಿಂದ ಸಾಯುವವರೆಗೆ, ಸುಮಾರು 18 ತಿಂಗಳು, ಅದು ಬಿಡಲಿಲ್ಲ. ಆಕೆ ವಿಶ್ವಾಸ ಪ್ರಮಾಣವನ್ನು ತನ್ನ ರಕ್ತದಲ್ಲಿ ಬರೆದು ಎದೆಯ ಹತ್ತಿರ ಇಟ್ಟುಕೊಂಡಿದ್ದಳು. 1997ರಲ್ಲಿ ಕಥೋಲಿಕ ಧರ್ಮಸಭೆ ಆಕೆಯನ್ನು ತನ್ನ ಮಹಾಬೋಧಕರ ಸಾಲಿಗೆ ಸೇರಿಸಿತು.

ಮೊದಲು ಮಾಡಬೇಕಾದ ಕೆಲಸ ಸಣ್ಣದು. ಸಂದೇಹವನ್ನು ಒಂದೇ ವಾಕ್ಯದಲ್ಲಿ, ಪ್ರಶ್ನೆಯ ರೂಪದಲ್ಲಿ ಬರೆಯಿರಿ. 'ನಂಬಿಕೆ ಇಲ್ಲ' ಎಂದು ಬರೆದರೆ ಮುಂದಕ್ಕೆ ದಾರಿಯಿರುವುದಿಲ್ಲ. 'ಯೇಸು ನಿಜವಾಗಿ ಎದ್ದರೇ?', 'ಮಣ್ಣಾದ ದೇಹ ಏಳುವುದು ಹೇಗೆ?', 'ಅಷ್ಟು ಪ್ರಾರ್ಥಿಸಿದರೂ ಅಮ್ಮನನ್ನು ಯಾಕೆ ಉಳಿಸಲಿಲ್ಲ?' ಇವು ಮೂರು ಬೇರೆ ಪ್ರಶ್ನೆಗಳು. ಮೂರನೆಯದಕ್ಕೆ ಮೊದಲನೆಯದರ ಉತ್ತರ ಕೊಟ್ಟರೆ ಗಾಯ ಕೆರೆದಂತಾಗುತ್ತದೆ. ನಮ್ಮ ಸಭೆಗಳಲ್ಲಿ ಹೆಚ್ಚಾಗಿ ಆಗುವುದು ಅದೇ.

ಮೊದಲೆರಡಕ್ಕೆ 1 ಕೊರಿಂಥ 15ನೆಯ ಅಧ್ಯಾಯ ಓದಿ. 58 ವಚನಗಳಿವೆ, ಒಂದೇ ಸಲ ಓದಿದರೆ ತಲೆಗೆ ಹತ್ತದು. ಆರು ದಿನಕ್ಕೆ ಹೀಗೆ ಹಂಚಿಕೊಳ್ಳಿ: 1–11, 12–19, 20–28, 29–34, 35–49, 50–58. ಏಳನೆಯ ದಿನ ಪೂರ್ತಿ ಅಧ್ಯಾಯ ಗಟ್ಟಿಯಾಗಿ. ದಿನಕ್ಕೆ 15 ನಿಮಿಷ ಸಾಕು. ಪೌಲ ಇದನ್ನು ಎಫೆಸದಿಂದ ಬರೆದದ್ದು ಸುಮಾರು ಕ್ರಿ.ಶ. 55ರಲ್ಲಿ, ಶಿಲುಬೆಯ ಘಟನೆಯಾದ 25 ವರ್ಷದೊಳಗೆ. ಅದರಲ್ಲೂ 3ನೆಯ ವಚನದಲ್ಲಿ, ತಾನು ಪಡೆದದ್ದನ್ನೇ ಒಪ್ಪಿಸಿದ್ದೇನೆ ಎನ್ನುತ್ತಾನೆ. ಅಂದರೆ ಎದ್ದ ಯೇಸುವನ್ನು ಕಂಡ ಸಾಕ್ಷಿಗಳ ಪಟ್ಟಿ ಆ ಪತ್ರಕ್ಕಿಂತಲೂ ಹಳೆಯದು. 12ರಿಂದ 19ರವರೆಗೆ ನಿಮ್ಮ ಸಂದೇಹವನ್ನು ಪೌಲನೇ ಎತ್ತಿ ಮುಂದಿಡುತ್ತಾನೆ: ಕ್ರಿಸ್ತನು ಎದ್ದಿಲ್ಲವಾದರೆ ನಮ್ಮ ನಂಬಿಕೆ ವ್ಯರ್ಥ. 29ರಲ್ಲಿ ಸತ್ತವರಿಗೋಸ್ಕರ ದೀಕ್ಷಾಸ್ನಾನದ ಮಾತು ಬರುತ್ತದೆ; ಪಂಡಿತರಿಗೇ ಬಗೆಹರಿಯದ ವಚನ, ದಾಟಿಕೊಂಡು ಹೋಗಿ. 35ರ ನಂತರದ ಕಾಳಿನ ಹೋಲಿಕೆಯಲ್ಲಿ ನಿಧಾನಿಸಿ. ಬಿತ್ತಿದ ಕಾಳೇ ಪೈರಾಗಿ ಬರುತ್ತದೆ, ಆದರೆ ಕಾಳಿನ ರೂಪದಲ್ಲಿ ಬರುವುದಿಲ್ಲ.

ಮೂರನೆಯ ಪ್ರಶ್ನೆಗೆ ಯೋಹಾನ 11. ಲಾಜರ ಸತ್ತ ನಾಲ್ಕು ದಿನಕ್ಕೆ ಸ್ವಾಮಿ ಬಂದಾಗ 'ನೀನು ಇಲ್ಲಿ ಇರುತ್ತಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ' ಎಂದು ಮಾರ್ಥಳು ಹೇಳುತ್ತಾಳೆ (21). ಆಕೆಯ ಸೋದರಿ ಮರಿಯಳೂ ಅದನ್ನೇ ಹೇಳುತ್ತಾಳೆ (32). ದೂರು ಒಂದೇ, ಉತ್ತರ ಎರಡು. ಮಾರ್ಥಳಿಗೆ 'ನಾನೇ ಪುನರುತ್ಥಾನವೂ ಜೀವವೂ ಆಗಿದ್ದೇನೆ' ಎಂಬ ಮಾತು ಸಿಕ್ಕಿತು. ಮರಿಯಳಿಗೆ ಯಾವ ಉಪದೇಶವೂ ಇಲ್ಲ, ಸ್ವಾಮಿಯ ಕಣ್ಣೀರು (35). ಇನ್ನು ಕೆಲವೇ ಹೊತ್ತಿನಲ್ಲಿ ಲಾಜರನನ್ನು ಎಬ್ಬಿಸಲಿದ್ದವರೇ ಅತ್ತರು. ನಿಮಗೀಗ ಬೇಕಾದ್ದು ಮರಿಯಳ ಪಾಲಿನ ಉತ್ತರ ಎಂದು ನನಗನಿಸುತ್ತದೆ. ಹಾಗಾಗಿ ಪ್ರಾರ್ಥನೆಯಲ್ಲಿ ದೂರು ಹೇಳಿಕೊಳ್ಳಿ. ಮಾತು ಸಿಗದಿದ್ದರೆ ಕೀರ್ತನೆ 13 ಓದಿ, ಆರೇ ವಚನ, 'ಎಷ್ಟರವರೆಗೆ' ಎಂದು ನಾಲ್ಕು ಸಲ ಕೇಳುತ್ತದೆ. ಅದೂ ಹಗುರವೆನಿಸಿದ ದಿನ 88ನೆಯದು. ಅದು ಕತ್ತಲೆಯಲ್ಲೇ ಮುಗಿಯುತ್ತದೆ.

ಕೆಲಸ ಕೆಡುವುದು ಸಾಮಾನ್ಯವಾಗಿ ಹೀಗೆ. ರಾತ್ರಿ ಒಂದು ಗಂಟೆಗೆ ಕೂತು ನಾಸ್ತಿಕ–ಆಸ್ತಿಕ ವಾದದ ವಿಡಿಯೋ ನೋಡುವುದು; ನಿದ್ದೆಗೆಟ್ಟ ತಲೆಗೆ ಎಲ್ಲ ವಾದವೂ ಸರಿ ಕಾಣುತ್ತದೆ. ನಂಬಿಕೆ ಎಷ್ಟು ಬಂತೆಂದು ದಿನಾ ಅಳೆಯುವುದು. ಅನುಭವವನ್ನು ಬಲವಂತವಾಗಿ ತರಲು ಉಪವಾಸ ಹಿಡಿಯುವುದು. ದುಃಖದಲ್ಲಿ ಮೊದಲೇ ಸರಿಯಾಗಿ ಉಣ್ಣದ ದೇಹ ಇನ್ನಷ್ಟು ಕುಗ್ಗುತ್ತದೆ. ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಕರ್ತನ ಭೋಜನಕ್ಕೆ ನಾನು ಯೋಗ್ಯನಲ್ಲವೆಂದು ದೂರ ಉಳಿಯುವುದು. ಸಂದೇಹದ ಕಾರಣಕ್ಕೆ ದೂರ ಉಳಿಯಬೇಡಿ, ಅದು ಹಸಿದವರ ಮೇಜು.

ಒಬ್ಬರಿಗಾದರೂ ಹೇಳಿ. ಅಯ್ಯನವರಾಗಲಿ (ಸಭೆಯ ಪಾದ್ರಿ), ಹಿರಿಯರಾಗಲಿ, ನೀವು ಹೇಳಿ ಮುಗಿಸುವ ಮುಂಚೆ ವಚನ ಎತ್ತದವರನ್ನು ಆರಿಸಿಕೊಳ್ಳಿ. 'ನನಗೆ ಉತ್ತರ ಬೇಡ, ಅರ್ಧ ಗಂಟೆ ಕೇಳಿ' ಎಂದೇ ಶುರುಮಾಡಿ.

ಇದು ಬರೀ ನಂಬಿಕೆಯ ವಿಷಯವಲ್ಲದೆಯೂ ಇರಬಹುದು. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಊಟ, ಕೆಲಸ ಕೈಕೊಟ್ಟಿದ್ದರೆ ವೈದ್ಯರನ್ನು ಕಾಣಿ. 'ಅಮ್ಮನ ಹತ್ತಿರ ಹೋಗಿಬಿಡೋಣ' ಎಂಬ ಯೋಚನೆ ಒಮ್ಮೆ ಸುಳಿದರೂ ಸರಿ, ಅವತ್ತೇ ಮನೆಯವರಿಗೆ ಹೇಳಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು.

ನಮ್ಮ ಕಡೆ ಅನೇಕ ಸಭೆಗಳಲ್ಲಿ ಈಸ್ಟರ್ ದಿನ ನಸುಕಿನಲ್ಲೇ ಸಮಾಧಿ ಸ್ಥಳಕ್ಕೆ ಹೋಗಿ ಆರಾಧನೆ ಮಾಡುವ ವಾಡಿಕೆಯಿದೆ. ನಿಮ್ಮಲ್ಲಿದ್ದರೆ ಈ ಸಲ ಹೋಗಿ. ಹಾಡಲಾಗದಿದ್ದರೆ ಹಾಡಬೇಡಿ. ಅಮ್ಮನ ಸಮಾಧಿಗೆ ಹೂವಿಟ್ಟು, ಮೇಣದಬತ್ತಿ ಹಚ್ಚಿ, ಬೆಳಕು ಹರಿಯುವವರೆಗೆ ಅವರೆಲ್ಲರ ಜೊತೆ ನಿಂತಿರಿ.