ನಾಯಿ, ಕತ್ತಿ ಮಾಡುವ ಉದ್ದ ಬಲೂನಿನ ತುದಿಯನ್ನು ಖಾಲಿ ಬಿಡುವುದು ಯಾಕೆ?

ತಿರುಚುವಾಗ ಒಳಗಿನ ಗಾಳಿಗೆ ಸರಿಯಲು ಜಾಗ ಬೇಕು, ಅದಕ್ಕೇ. ಬರ್ತ್‌ಡೇ ಪಾರ್ಟಿಗಳಲ್ಲಿ ನಾಯಿ, ಕತ್ತಿ ಮಾಡಿಕೊಡುವ ಬಲೂನಿಗೆ ‘260’ ಅಂತ ಹೆಸರು. ತುಂಬಿದಾಗ ಸುಮಾರು 2 ಇಂಚು ದಪ್ಪ, 60 ಇಂಚು ಉದ್ದ. ಒಂದೊಂದು ತಿರುವು ಹಾಕಿದಾಗಲೂ ಅಲ್ಲಿದ್ದ ಗಾಳಿ ಮುಂದಕ್ಕೆ ಸರಿಯುತ್ತದೆ. ತುದಿ ಖಾಲಿಯಿದ್ದರೆ ಅಲ್ಲಿಗೆ ನುಗ್ಗುತ್ತದೆ, ಬಾಲ, ಅಂದರೆ ಆ ಖಾಲಿ ತುದಿ, ಸ್ವಲ್ಪ ಸ್ವಲ್ಪವೇ ಚಿಕ್ಕದಾಗುತ್ತದೆ. ತುದಿವರೆಗೂ ತುಂಬಿಬಿಟ್ಟರೆ? ಗಾಳಿಗೆ ದಾರಿಯಿಲ್ಲ, ರಬ್ಬರ್ ಬಿಗಿಯಾಗಿ ಢಬ್ ಅನ್ನುತ್ತದೆ, ಮಗು ಅಳುತ್ತದೆ!

ನಾಯಿಗೆ ತಿರುವು ಜಾಸ್ತಿ, ಹಾಗಾಗಿ ನಾಲ್ಕು ಬೆರಳಷ್ಟಾದರೂ ಬಿಡಿ. ಕತ್ತಿಗೆ ಎರಡು ಬೆರಳು ಸಾಕು. ಮೊದಲ ತಿರುವನ್ನು ಗಂಟಿನ ಕಡೆಯಿಂದಲೇ ಶುರು ಮಾಡಿ. ಬಾಲದ ಕಡೆಯಿಂದ ತಿರುಚಿದರೆ ಖಾಲಿ ಜಾಗ ಆಚೆಯೇ ಉಳಿಯುತ್ತದೆ, ಸುಮ್ನೆ ಬಿಟ್ಟ ಹಾಗಾಯಿತು ಅಲ್ವಾ?